‘ಬೈಟ್ ದ ಬುಲೆಟ್’: ಗುಂಡೂ ಅಲ್ಲ, ಬರೀ ಧೈರ್ಯವೂ ಅಲ್ಲ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ವಿದ್ಯಾರ್ಥಿ ಪುಟದಲ್ಲಿ ಬರುವ ಇಂಗ್ಲಿಷ್ ನುಡಿಗಟ್ಟುಗಳ ಅಂಕಣದಲ್ಲಿ ‘ಬೈಟ್ ದ ಬುಲೆಟ್’ ಎಂಬುದಕ್ಕೆ ‘ಕಷ್ಟವನ್ನು ಧೈರ್ಯದಿಂದ ಎದುರಿಸುವುದು’ ಎಂದು ಅರ್ಥ ಕೊಡಲಾಗಿದೆ. ಅದೇ ವಾರದ ವಾಣಿಜ್ಯ ಪುಟದಲ್ಲಿ ‘ಗುಂಡು ಕಚ್ಚಲು ಸಜ್ಜಾದ ಸರ್ಕಾರ’ ಎಂಬ ತಲೆಬರಹ ಬಂದಿದೆ. ಮೊದಲನೆಯದು ಅರ್ಧ ಸರಿ. ಎರಡನೆಯದು ಕನ್ನಡವೇ ಅಲ್ಲ. ‘ಗುಂಡು’ ಎಂದೊಡನೆ ಕನ್ನಡ ಓದುಗರ ಮನಸ್ಸು ಬಂದೂಕಿಗಿಂತ ಮೊದಲು ಬಾರಿನ ಕಡೆ ಓಡುತ್ತದೆ. ಸಜ್ಜಾದ ಸರ್ಕಾರ ಯಾವ ಬ್ರ್ಯಾಂಡಿಗೆ ಸಜ್ಜಾಯಿತು ಎಂದು ನಗುವವರನ್ನು ದೂರುವಂತಿಲ್ಲ. ‘ಬುಲೆಟ್’ ಎಂದೇ ಉಳಿಸಿಕೊಂಡರೂ ಪಾರಾಗುವುದಿಲ್ಲ. ಮುಂಬಯಿಯಲ್ಲಿ ಬುಲೆಟ್ ಎಂದರೆ ಒಂದೋ ಮೋಟಾರ್‌ಸೈಕಲ್ಲು, ಇಲ್ಲವೇ ಅಹಮದಾಬಾದಿಗೆ ಹಳಿ ಹಾಕುತ್ತಿರುವ 508 ಕಿ.ಮೀ.ಗಳ ರೈಲು.

ಇಷ್ಟು ಚಿಕ್ಕ ವಿಷಯಕ್ಕೆ ಇಷ್ಟುದ್ದ ಪತ್ರವೇಕೆ ಎನ್ನಬಹುದು. ಮುಂಬಯಿ, ಪುಣೆ, ಗೋವಾದ ಕನ್ನಡ ಮನೆಗಳಲ್ಲಿ ಮಕ್ಕಳು ಶಾಲೆಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ಮರಾಠಿ ಇಲ್ಲವೇ ಕೊಂಕಣಿ, ಮನೆಯೊಳಗೆ ಕನ್ನಡವನ್ನೋ ತುಳುವನ್ನೋ ಆಡುತ್ತಾರೆ. ಬ್ಯಾಂಕಿನ ಪರೀಕ್ಷೆಗೋ ಸ್ಟಾಫ್ ಸೆಲೆಕ್ಷನ್ ಕಮಿಷನ್ ಪರೀಕ್ಷೆಗೋ ಕೂರುವ ಹುಡುಗರು ಇಂಥ ಅಂಕಣಗಳನ್ನು ಕತ್ತರಿಸಿ ಇಟ್ಟುಕೊಳ್ಳುತ್ತಾರೆ. ಆ ಪರೀಕ್ಷೆಗಳಲ್ಲಿ ನುಡಿಗಟ್ಟಿನ ಎದುರು ನಾಲ್ಕು ಆಯ್ಕೆಗಳಿರುತ್ತವೆ, ಅವುಗಳಲ್ಲಿ ಎರಡಾದರೂ ಧೈರ್ಯಕ್ಕೆ ಸಂಬಂಧಿಸಿದವೇ ಆಗಿರುವುದು ಮಾಮೂಲು. ಅರ್ಧ ಸರಿ ಅರ್ಥ ಕಲಿತವರು ಅಲ್ಲೇ ಎಡವುತ್ತಾರೆ.

‘ಬೈಟ್ ದ ಬುಲೆಟ್’ ಒಳಗೆ ನಾಲ್ಕು ಸಂಗತಿಗಳಿವೆ. ಮುಂದಿರುವ ಕೆಲಸ ನೋವಿನದು ಅಥವಾ ನಷ್ಟದ್ದು, ಅದರಲ್ಲಿ ಅನುಮಾನವಿಲ್ಲ. ಅದನ್ನು ಬಿಟ್ಟರೆ ಬೇರೆ ದಾರಿ ಇಲ್ಲ, ಅಥವಾ ಇರುವ ದಾರಿಗಳು ಇನ್ನೂ ಕೆಟ್ಟವು. ಇಷ್ಟು ದಿನ ಅದನ್ನು ಮುಂದಕ್ಕೆ ಹಾಕುತ್ತ ಬಂದಿದ್ದೇವೆ. ಈಗ ಯಾರ ದಬ್ಬಾಳಿಕೆಯೂ ಇಲ್ಲದೆ ನಾವೇ ಒಪ್ಪಿ ಅದಕ್ಕೆ ಕೈ ಹಾಕುತ್ತೇವೆ. ನಾಲ್ಕರಲ್ಲಿ ಮೊದಲನೆಯದನ್ನೂ ಕೊನೆಯದನ್ನೂ ಎಲ್ಲರೂ ಹಿಡಿಯುತ್ತಾರೆ. ಬಿಟ್ಟುಹೋಗುವುದು ಮೂರನೆಯದು, ಆ ಮುಂದೂಡಿಕೆ. ಇಂಗ್ಲಿಷ್ ಪತ್ರಿಕೆಗಳಲ್ಲಿ ಈ ನುಡಿಗಟ್ಟಿನ ಜೊತೆಗೆ ‘ಫೈನಲಿ’ ಎಂಬ ಮಾತು ಅಷ್ಟೊಂದು ಸಲ ಕಾಣಿಸುವುದು ಅದಕ್ಕೇ.

26 ಜುಲೈ 2005ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿ.ಮೀ. ಮಳೆ ಸುರಿಯಿತು. ಎದೆಮಟ್ಟದ ನೀರಿನಲ್ಲಿ ಜನ ಕುರ್ಲಾ, ಕಲೀನಾಗಳಿಂದ ಮನೆಗೆ ನಡೆದರು. ಅದು ಧೈರ್ಯ, ನಿಸ್ಸಂದೇಹ. ಆದರೆ ಅದನ್ನು ‘ಬೈಟಿಂಗ್ ದ ಬುಲೆಟ್’ ಎನ್ನಲಾಗದು. ಯಾರೂ ಆ ನಡಿಗೆಯನ್ನು ನಾಳೆಗೆ ನಾಡಿದ್ದಿಗೆ ಎಂದು ತಳ್ಳಿಕೊಂಡು ಬಂದಿರಲಿಲ್ಲ, ಆಪತ್ತು ತಾನಾಗಿ ಮೈಮೇಲೆ ಬಿತ್ತು. ಇದಕ್ಕೆ ಎದುರಾಗಿ 1991ರ ಜುಲೈ ತಿಂಗಳನ್ನು ನೋಡಿ. ವಿದೇಶಿ ವಿನಿಮಯ ಎರಡು ಮೂರು ವಾರಗಳ ಆಮದಿಗೆ ಸಾಕಾಗುವಷ್ಟಕ್ಕೆ ಇಳಿದಿತ್ತು. ರಿಸರ್ವ್ ಬ್ಯಾಂಕು ಜುಲೈ 1 ಮತ್ತು 3ರಂದು ಎರಡು ಹಂತಗಳಲ್ಲಿ ರೂಪಾಯಿ ಅಪಮೌಲ್ಯ ಮಾಡಿತು, ಅದೇ ತಿಂಗಳು ಸುಮಾರು 47 ಟನ್ ಚಿನ್ನವನ್ನು ವಿದೇಶದಲ್ಲಿ ಅಡವಿಟ್ಟಿತು. ನೋವು ಖಚಿತ, ಬೇರೆ ದಾರಿಯಿಲ್ಲ, ವರ್ಷಗಳಿಂದ ಮುಂದೂಡಿದ ಲೆಕ್ಕ, ಕೊನೆಗೆ ತಾವೇ ಕೈಗೊಂಡ ನಿರ್ಧಾರ. ನಾಲ್ಕೂ ಕೂಡಿಬಂದ ಇಂಥ ಸಂದರ್ಭಕ್ಕೆ ಈ ನುಡಿಗಟ್ಟು ಅಚ್ಚುಕಟ್ಟಾಗಿ ಹೊಂದುತ್ತದೆ.

ಗೊಂದಲಕ್ಕೆ ಇನ್ನೊಂದು ಕಾರಣ, ಕಷ್ಟವನ್ನು ಎದುರಿಸುವ ಬಗ್ಗೆ ಇಂಗ್ಲಿಷಿನಲ್ಲಿ ಮೂರು ನಾಲ್ಕು ನುಡಿಗಟ್ಟುಗಳು ಅಕ್ಕಪಕ್ಕದಲ್ಲೇ ಇರುವುದು: ‘ಬೈಟ್ ದ ಬುಲೆಟ್’, ‘ಗ್ರಾಸ್ಪ್ ದ ನೆಟಲ್’ (ನೆಟಲ್ ಎಂದರೆ ಮುಟ್ಟಿದರೆ ಚುಚ್ಚಿ ಉರಿಸುವ ಗಿಡ), ‘ಟೇಕ್ ದ ಬುಲ್ ಬೈ ದ ಹಾರ್ನ್ಸ್’, ‘ಫೇಸ್ ದ ಮ್ಯೂಸಿಕ್’. ಅಂಕಣದಲ್ಲಿ ಕೊಟ್ಟ ಅರ್ಥ ನಾಲ್ಕಕ್ಕೂ ಹೊಂದುತ್ತದೆ, ಹಾಗಾಗಿ ಯಾವುದಕ್ಕೂ ಹೊಂದುವುದಿಲ್ಲ. ಡೊಂಬಿವಲಿಯಲ್ಲೋ ಭಾಂಡೂಪಿನಲ್ಲೋ ನಲವತ್ತು ವರ್ಷ ಹಳೆಯ ಒಂದು ಹೌಸಿಂಗ್ ಸೊಸೈಟಿ ಇದೆ ಎಂದಿಟ್ಟುಕೊಳ್ಳಿ. ನಾಲ್ಕನ್ನೂ ಅದೇ ಕಟ್ಟಡದಲ್ಲಿ ತೋರಿಸಬಹುದು.

ಟೆರೇಸು ಸೋರುತ್ತಿದೆ. ಪ್ರತಿ ಮೇ ತಿಂಗಳ ಕೊನೆಗೆ ನೀಲಿ ಟಾರ್ಪಾಲಿನ್ ಹೊದಿಸಿ ಆ ವರ್ಷದ ಮಳೆಗಾಲ ಕಳೆಯುತ್ತಾರೆ. ಹಳೆಯ ಬ್ರಿಕ್‌ಬ್ಯಾಟ್ ಕೋಬಾ (ನೀರಿಳಿಯದಂತೆ ಇಟ್ಟಿಗೆ ಚೂರು ಹಾಸಿ ಗಾರೆ ಮಾಡಿದ ಪದರ) ಒಡೆದು, ಸ್ಲ್ಯಾಬಿನ ತನಕ ಕೆರೆದು, ಹೊಸದಾಗಿ ವಾಟರ್‌ಪ್ರೂಫಿಂಗ್ ಮಾಡಿಸುವುದೇ ಸರಿಯಾದ ದಾರಿ ಎಂದು ಎಲ್ಲರಿಗೂ ಗೊತ್ತು. ಆದರೆ ಪ್ರತಿ ಮನೆಯಿಂದ ದೊಡ್ಡ ಮೊತ್ತ ಎತ್ತಬೇಕು, ಮೇಲಿನ ಮಹಡಿಯವರು ತಿಂಗಳುಗಟ್ಟಲೆ ಸುತ್ತಿಗೆ ಸದ್ದು ಕೇಳಬೇಕು. ಒಂದು ವರ್ಷ ಸಭೆಯಲ್ಲಿ ‘ಆಗಲಿ, ಮಾಡಿಸಿಯೇ ಬಿಡೋಣ’ ಎಂದು ತೀರ್ಮಾನವಾಗುತ್ತದೆ. ಇದು ‘ಬೈಟ್ ದ ಬುಲೆಟ್’.

ಕೆಳಗಿನ ಅಂಗಡಿಯವನು ಓಪನ್ ಸ್ಪೇಸಿನಲ್ಲಿ ಮೊದಲು ಒಂದು ಸ್ಟೂಲ್ ಇಟ್ಟ, ಆಮೇಲೆ ಫ್ರಿಜ್ ಇಟ್ಟ, ಈಗ ಶೀಟು ಹೊದಿಸುವ ಅಂದಾಜಿನಲ್ಲಿದ್ದಾನೆ. ಅವನ ಜೊತೆ ನಿಷ್ಠುರದ ಮಾತು ಯಾರಿಗೂ ಬೇಡ. ಮೆಲ್ಲಗೆ, ನಗುನಗುತ್ತ ಹೇಳಿದಷ್ಟೂ ಅವನು ಹೊರಗೆ ಚಾಚುತ್ತಾನೆ, ಮುಖ ನೋಡಿ ಖಡಾಖಂಡಿತ ಹೇಳಿದರೆ ಮಾತು ಒಂದೇ ದಿನಕ್ಕೆ ಮುಗಿಯುತ್ತದೆ. ಹಾಗೆ ಹೇಳುವುದು ‘ಗ್ರಾಸ್ಪ್ ದ ನೆಟಲ್’. ಇದನ್ನು ‘ಮೊಳಕೆಯಲ್ಲೇ ಚಿವುಟು’ ಎಂದು ಅನುವಾದಿಸುವವರಿದ್ದಾರೆ. ಹತ್ತಿರವೇನೋ ಹೌದು, ಆದರೆ ಮೊಳಕೆ ಚಿವುಟುವವನ ಕೈಗೆ ನೋವಾಗುವುದಿಲ್ಲ, ನೆಟಲ್ ಹಿಡಿಯುವವನಿಗೆ ಆ ಭಯ ಇದ್ದೇ ಇರುತ್ತದೆ.

ರೀಡೆವಲಪ್‌ಮೆಂಟ್ ಫೈಲು ವಾರ್ಡ್ ಆಫೀಸಿನಲ್ಲಿ ಕೂತಿದೆ. ಏಜೆಂಟರನ್ನೂ ಪರಿಚಯದವರ ಶಿಫಾರಸನ್ನೂ ಪಕ್ಕಕ್ಕಿಟ್ಟು ಚೇರ್‌ಮನ್ ತಾವೇ ಕಾಗದಪತ್ರ ಹಿಡಿದು ಅಧಿಕಾರಿಯ ಎದುರು ಕೂತು, ಆಕ್ಷೇಪಗಳನ್ನು ಒಂದೊಂದಾಗಿ ಬಿಡಿಸುತ್ತಾರೆ. ಅದು ‘ಟೇಕ್ ದ ಬುಲ್ ಬೈ ದ ಹಾರ್ನ್ಸ್’. ಇಲ್ಲಿ ನೋವಿಗಿಂತ ಹಿಡಿತ ಮುಖ್ಯ. ಸಮಸ್ಯೆ ಎದುರು ನಿಂತಿದೆ, ಅದರ ದಿಕ್ಕನ್ನು ನಾನು ತಿರುಗಿಸುತ್ತೇನೆ ಎಂಬ ಭಾವ. ಇನ್ನು ಲೆಕ್ಕಪತ್ರವನ್ನು ಆಡಿಟ್ಟಿಗೆ ಕೊಡದೆ ಮಲಗಿಸಿದ ಸೆಕ್ರೆಟರಿ ಸೆಪ್ಟೆಂಬರ್ 30ರೊಳಗೆ ನಡೆಯಬೇಕಾದ ವಾರ್ಷಿಕ ಸಭೆಯಲ್ಲಿ ಸದಸ್ಯರ ಎದುರು ನಿಂತು ಬೈಸಿಕೊಳ್ಳುವುದು ‘ಫೇಸ್ ದ ಮ್ಯೂಸಿಕ್’. ತಾನು ಮಾಡಿದ್ದರ ಫಲ ತಾನುಣ್ಣುವುದು ಇದರ ತಿರುಳು, ನಮ್ಮ ‘ಮಾಡಿದ್ದುಣ್ಣೋ ಮಹಾರಾಯ’, ‘ಉಪ್ಪು ತಿಂದವನು ನೀರು ಕುಡಿಯಲೇಬೇಕು’ ಎರಡೂ ಇಲ್ಲಿಗೆ ಸಲ್ಲುತ್ತವೆ. ಟೆರೇಸು ಸೋರಿದ್ದಕ್ಕೆ ಯಾರೂ ತಪ್ಪಿತಸ್ಥರಾಗಬೇಕಿಲ್ಲ, ಲೆಕ್ಕ ಮಲಗಿದ್ದಕ್ಕೆ ಸೆಕ್ರೆಟರಿಯೇ ತಪ್ಪಿತಸ್ಥ. ‘ಬುಲೆಟ್’ಗೂ ‘ಮ್ಯೂಸಿಕ್’ಗೂ ಇರುವ ಗೆರೆ ಅಷ್ಟೇ. ಪರೀಕ್ಷೆಯಲ್ಲಿ ಸುಲಭವಾಗಿ ಅದಲುಬದಲಾಗುವ ಜೋಡಿ ಇದು.

ನೆಟಲ್ ಬಗ್ಗೆ ಒಂದು ಅಡ್ಡಮಾತು. ಯುರೋಪಿನ ಆ ಗಿಡದ ಎಲೆ ಕಾಂಡಗಳ ಮೇಲಿರುವ ರೋಮಗಳು ಟೊಳ್ಳು, ತುದಿ ಗಾಜಿನಂತೆ ಗಡುಸು. ಸವರಿದರೆ ತುದಿ ಮುರಿದು ರೋಮ ಇಂಜೆಕ್ಷನ್ ಸೂಜಿಯಾಗುತ್ತದೆ, ಉರಿ ಎಬ್ಬಿಸುವ ಹಿಸ್ಟಮಿನ್ ಮುಂತಾದ ರಾಸಾಯನಿಕಗಳು ಚರ್ಮದೊಳಗೆ ಇಳಿಯುತ್ತವೆ. ಗಟ್ಟಿಯಾಗಿ ಅಮುಕಿ ಹಿಡಿದರೆ ರೋಮಗಳು ಮಲಗಿಬಿಡುತ್ತವೆ, ಚುಚ್ಚುವುದು ಕಡಿಮೆ. ಹದಿನೆಂಟನೆಯ ಶತಮಾನದ ಇಂಗ್ಲಿಷ್ ಕವಿ ಏರನ್ ಹಿಲ್ ಇದನ್ನೇ ಪದ್ಯವಾಗಿಸಿದ್ದಾನೆ. ಇದನ್ನು ಓದಿ ಸಹ್ಯಾದ್ರಿಯ ಚಾರಣದಲ್ಲಿ ಯಾರೂ ಪ್ರಯೋಗಕ್ಕೆ ಇಳಿಯಬಾರದು. ನಮ್ಮಲ್ಲಿ ನಸುಗುನ್ನಿ ಎಂದೂ ಮರಾಠಿಯಲ್ಲಿ ಖಾಜಕುಯಿಲಿ ಎಂದೂ ಕರೆಯುವ ಬಳ್ಳಿಯ ಕಾಯಿಯ ಮೇಲಿನ ರೋಮ ಮುಟ್ಟಿದರೆ ಸಾಕು ಕಳಚಿ ಮೈಗಂಟುತ್ತದೆ. ಗಟ್ಟಿಯಾಗಿ ಹಿಡಿದವನಿಗೆ ತುರಿಕೆಯೂ ಗಟ್ಟಿಯಾಗಿಯೇ ಸಿಗುತ್ತದೆ. ಅಂದ ಹಾಗೆ ಈ ನುಡಿಗಟ್ಟು ಬ್ರಿಟಿಷರದು, ಅಮೆರಿಕದ ಬರಹಗಳಲ್ಲಿ ಅಪರೂಪ.

ಇನ್ನು ಬುಲೆಟ್ಟಿನ ಮೂಲ. ಇಂಟರ್‌ನೆಟ್ಟಿನಲ್ಲಿ ಎರಡು ಕತೆಗಳು ಓಡಾಡುತ್ತವೆ. ಒಂದು ಆಪರೇಷನ್ನಿನದು: ಅರಿವಳಿಕೆ ಇಲ್ಲದ ಕಾಲದಲ್ಲಿ ಗಾಯಾಳು ಸೈನಿಕನ ಹಲ್ಲಿನ ನಡುವೆ ಗುಂಡಿಟ್ಟು ಕಾಲು ಕತ್ತರಿಸುತ್ತಿದ್ದರು ಎಂಬುದು. ಇದನ್ನು ಪೂರ್ತಿ ತಳ್ಳಿಹಾಕಲಾಗದು, ಆದರೆ ಅನುಮಾನಕ್ಕೆ ಕಾರಣಗಳಿವೆ. ಅಂಗಾತ ಮಲಗಿ ಒದ್ದಾಡುವವನ ಬಾಯಲ್ಲಿ ದುಂಡನೆಯ ಸೀಸದ ಗುಂಡಿಟ್ಟರೆ ಅದು ಗಂಟಲಿಗೆ ಜಾರಬಹುದು. ಚರ್ಮದ ಪಟ್ಟಿಯೋ ಮರದ ತುಂಡೋ ಅದಕ್ಕಿಂತ ಕ್ಷೇಮ. ಅರಿವಳಿಕೆಗೆ 1846ರ ಅಕ್ಟೋಬರಿನಲ್ಲಿ ಬಾಸ್ಟನ್ನಿನಲ್ಲಿ ಈಥರ್, ಮರುವರ್ಷ ಎಡಿನ್‌ಬರೋದಲ್ಲಿ ಕ್ಲೋರೋಫಾರ್ಮ್ ಬಂದವು. 1861ರಿಂದ 65ರ ತನಕ ನಡೆದ ಅಮೆರಿಕದ ಅಂತರ್ಯುದ್ಧದ ಹೊತ್ತಿಗೆ ಎರಡೂ ಧಾರಾಳವಾಗಿ ಬಳಕೆಯಲ್ಲಿದ್ದವು, ಸಿನಿಮಾದಲ್ಲಿ ತೋರಿಸುವ ದೃಶ್ಯಗಳು ಏನೇ ಹೇಳಲಿ. ಹಳೆಯ ರಣರಂಗಗಳಲ್ಲಿ ಹಲ್ಲಿನ ಗುರುತಿರುವ ಸೀಸದ ಗುಂಡುಗಳು ಸಿಕ್ಕಿವೆ ಎಂಬುದು ನಿಜ. ಆದರೆ ಅವುಗಳಲ್ಲಿ ಎಷ್ಟೋ ಗುಂಡುಗಳು ಮಣ್ಣು ಕೆದಕುವ ಹಂದಿಗಳು ಅಗಿದವು ಎಂದು ಪುರಾತತ್ತ್ವಜ್ಞರು ಗುರುತಿಸಿದ್ದಾರೆ.

ಎರಡನೆಯ ಕತೆ ನಮಗೆ ಹತ್ತಿರದ್ದು. 1857ರಲ್ಲಿ ಕೊಬ್ಬು ಸವರಿದ ಕಾಡತೂಸನ್ನು ಕಚ್ಚಲು ಸಿಪಾಯಿಗಳು ಒಲ್ಲೆ ಎಂದರಲ್ಲ, ಅದರಿಂದಲೇ ಈ ಮಾತು ಹುಟ್ಟಿತು ಎನ್ನುತ್ತಾರೆ. ಕಾಡತೂಸು ಎಂದರೆ ಆಗ ಕಾಗದದ ಸುರುಳಿ, ಒಳಗೆ ಮದ್ದು ಮತ್ತು ಗುಂಡು. ಸಿಪಾಯಿ ಹಲ್ಲಿನಿಂದ ಹರಿಯುತ್ತಿದ್ದುದು ಮದ್ದಿನ ಕಡೆಯ ಕಾಗದದ ತುದಿಯನ್ನು, ಗುಂಡನ್ನಲ್ಲ. ಮದ್ದನ್ನು ನಳಿಗೆಗೆ ಸುರಿದು, ಗುಂಡನ್ನು ಆಮೇಲೆ ತುರುಕುತ್ತಿದ್ದ. ಅಲ್ಲಿ ನೋವು ತಡೆಯುವ ಮಾತೇ ಇಲ್ಲ, ಜಾತಿ ಧರ್ಮ ಕೆಡುವ ಭಯವಿತ್ತು. ಕಾಲವೂ ಹೊಂದುವುದಿಲ್ಲ. ಫ್ರಾನ್ಸಿಸ್ ಗ್ರೋಸ್ ಎಂಬಾತ ಕೂಡಿಹಾಕಿದ ಬೀದಿಮಾತಿನ ನಿಘಂಟಿನ 1796ರ ಮುದ್ರಣದಲ್ಲಿ ‘ನೈಟಿಂಗೇಲ್’ ಎಂಬ ಪದಕ್ಕೆ ಕೊಟ್ಟ ವಿವರಣೆ ಹೀಗಿದೆ: ಒಂಬತ್ತು ಎಳೆಗಳ ಚಾವಟಿಯ ಶಿಕ್ಷೆಗೆ ಗುರಿಯಾಗಿ ಕೂಗಿಕೊಳ್ಳುವ ಸೈನಿಕನನ್ನು ಆ ಹಾಡುಹಕ್ಕಿಯ ಹೆಸರಿನಿಂದ ಹಂಗಿಸುತ್ತಿದ್ದರು, ಕೆಲವು ದಳಗಳ ಗ್ರೆನೇಡಿಯರುಗಳಿಗೆ (ಆಯ್ದ ಸೈನಿಕರಿಗೆ) ಕೂಗದಿರುವುದು ಮಾನದ ಪ್ರಶ್ನೆ, ಅದಕ್ಕಾಗಿ ಅವರು ಗುಂಡು ಅಗಿಯುತ್ತಿದ್ದರು. ಸೀಸ ಮೆತ್ತಗಿನ ಲೋಹ, ಹಲ್ಲು ಊರುತ್ತದೆ, ಹಲ್ಲು ಒಡೆಯುವುದಿಲ್ಲ.

ಆ ವಿವರಣೆಯಲ್ಲಿ ಶತ್ರುವೇ ಇಲ್ಲ ಎಂಬುದನ್ನು ಗಮನಿಸಬೇಕು. ಗುಂಡು ಕಚ್ಚಿದವನು ಯಾರ ಮೇಲೂ ಏರಿಹೋಗುತ್ತಿಲ್ಲ. ತಪ್ಪಿಸಿಕೊಳ್ಳಲಾಗದ ಪೆಟ್ಟನ್ನು ಸದ್ದಿಲ್ಲದೆ ತಿನ್ನುತ್ತಿದ್ದಾನೆ. ‘ಧೈರ್ಯದಿಂದ ಎದುರಿಸು’ ಎಂಬ ಅರ್ಥದಲ್ಲಿ ತಪ್ಪಿಹೋದದ್ದು ಇದೇ.

ಮಾತು ರೂಪಕವಾದ ಹಂತಕ್ಕೆ ಮುಂಬಯಿಯ ನಂಟಿದೆ. 1865ರಲ್ಲಿ ಇಲ್ಲಿನ ಜೆ.ಜೆ. ಸ್ಕೂಲ್ ಆಫ್ ಆರ್ಟ್ ಆವರಣದಲ್ಲಿ ಹುಟ್ಟಿದ ರಡ್ಯಾರ್ಡ್ ಕಿಪ್ಲಿಂಗ್ (ಕ್ರಾಫರ್ಡ್ ಮಾರ್ಕೆಟ್ಟಿನ ಬಾಗಿಲ ಮೇಲಿನ ಉಬ್ಬುಶಿಲ್ಪ ಅವನ ತಂದೆಯ ಕೈಕೆಲಸ) 1891ರ ಕಾದಂಬರಿಯೊಂದರಲ್ಲಿ ದೃಷ್ಟಿ ಕಳೆದುಕೊಳ್ಳುವ ಚಿತ್ರಕಾರನಿಗೆ ಗೆಳೆಯನ ಬಾಯಿಂದ ಈ ಮಾತು ಹೇಳಿಸುತ್ತಾನೆ: ಗುಂಡು ಕಚ್ಚು, ನೀನು ಹೆದರಿದ್ದೀಯೆಂದು ಅವರಿಗೆ ಅನ್ನಿಸಬಾರದು ಎಂಬ ಧಾಟಿಯಲ್ಲಿ. ಅಲ್ಲಿ ರೂಪ ‘ಬೈಟ್ ಆನ್ ದ ಬುಲೆಟ್’. ಆಮೇಲೆ ‘ಆನ್’ ಉದುರಿತು. ಈಗ ಅದನ್ನು ಸೇರಿಸಿ ಬರೆದರೆ ಹಳೆಯದೆನಿಸುತ್ತದೆ, ತಪ್ಪು ಎಂದು ಅಂಕ ಕಡಿಯುವವರೂ ಇದ್ದಾರೆ.

ಬಳಕೆಯ ಕಟ್ಟುಪಾಡುಗಳಿಗೆ ಬರೋಣ. ‘ಬೈಟ್, ಬಿಟ್, ಬಿಟನ್’ ಎಂಬುದು ಕ್ರಿಯಾಪದದ ಮೂರು ರೂಪ. ‘ಬೈಟೆಡ್’ ಎಂದು ಬರೆಯುವುದು ಅತಿ ಸಾಮಾನ್ಯವಾದ ತಪ್ಪು. ಗುಂಡು ಯಾವಾಗಲೂ ಒಂದೇ, ಯಾವಾಗಲೂ ‘ದ’: ಹತ್ತು ಜನ ನಿರ್ಧಾರ ತೆಗೆದುಕೊಂಡರೂ ‘ದೇ ಬಿಟ್ ದ ಬುಲೆಟ್’. ‘ಎ’ ಹಾಕಿದರೆ ನುಡಿಗಟ್ಟು ಒಡೆದು ನಿಜವಾದ ಗುಂಡಿನ ಮಾತಾಗುತ್ತದೆ. ಕಷ್ಟದ ಹೆಸರನ್ನು ಇದರ ಕರ್ಮವಾಗಿ ಇಡಲು ಬರುವುದಿಲ್ಲ. ‘ಬೈಟ್ ದ ಬುಲೆಟ್ ದ ಪ್ರಾಬ್ಲಮ್’ ಎಂಬ ವಾಕ್ಯವೇ ಇಲ್ಲ. ಹೆಚ್ಚು ಬಳಕೆಯ ಜೋಡಣೆ ‘ಬೈಟ್ ದ ಬುಲೆಟ್ ಅಂಡ್’ ಎಂದು, ಮುಂದೆ ಕ್ರಿಯಾಪದ. ಆ ‘ಅಂಡ್’ ಆದ ಮೇಲೆ ಬರುವುದೇ ನೋವಿನ ಕೆಲಸ: ಬಾಡಿಗೆ ಏರಿಸುವುದು, ಸಾಲ ತೀರಿಸಲು ಜಾಗ ಮಾರುವುದು, ಅಪ್ಪನಿಗೆ ನಿಜ ಹೇಳುವುದು. ನಾಮಪದ ಬೇಕಾದರೆ ‘ಆನ್’ ಹಾಕಿ ‘ಬೈಟ್ ದ ಬುಲೆಟ್ ಆನ್ ಪೆನ್ಷನ್ಸ್’ ಎನ್ನುವ ರೂಢಿ ಪತ್ರಿಕೆಗಳಲ್ಲಿದೆ. ಕರ್ಮಣಿ ಪ್ರಯೋಗ ಕಿವಿಗೆ ಒರಟು, ತಪ್ಪಿಸುವುದು ಒಳ್ಳೆಯದು.

ಹೆಸರಿನಲ್ಲಿ ಗುಂಡಿರುವ ಬೇರೆ ಮಾತುಗಳೊಡನೆ ಇದನ್ನು ಬೆರೆಸಬಾರದು. ‘ಡಾಜ್ ಎ ಬುಲೆಟ್’ ಎಂದರೆ ಕೂದಲೆಳೆಯಲ್ಲಿ ಪಾರಾಗುವುದು, ಅಲ್ಲಿ ಸಾಮಾನ್ಯವಾಗಿ ‘ಎ’ ಬರುತ್ತದೆ. ‘ಬೈಟ್ ದ ಡಸ್ಟ್’ ಎಂದರೆ ಮಣ್ಣುಮುಕ್ಕುವುದು. ಇದು ಮಾತ್ರ ಕನ್ನಡಕ್ಕೆ ಹಾಗೆಹಾಗೇ ಕೂರುತ್ತದೆ.

ತರ್ಕಶಾಸ್ತ್ರ ಓದುವವರು ಇದೇ ಮಾತನ್ನು ಇನ್ನೊಂದು ಬಗೆಯಲ್ಲಿ ಕೇಳುತ್ತಾರೆ. ನನ್ನ ಸಿದ್ಧಾಂತದಿಂದ ಯಾರಿಗೂ ಹಿಡಿಸದ ಒಂದು ತೀರ್ಮಾನ ಹೊರಡುತ್ತದೆ ಎಂದು ಎದುರಾಳಿ ತೋರಿಸಿಕೊಟ್ಟ. ನಾನು ಸಿದ್ಧಾಂತ ಬಿಡುವುದಿಲ್ಲ, ‘ಹೌದು, ಅದನ್ನೂ ಒಪ್ಪುತ್ತೇನೆ’ ಎನ್ನುತ್ತೇನೆ. ಅದೂ ‘ಬೈಟಿಂಗ್ ದ ಬುಲೆಟ್’. ಪುಣೆಯ ಕಾಲೇಜುಗಳಲ್ಲಿ ತತ್ತ್ವಶಾಸ್ತ್ರ ತೆಗೆದುಕೊಂಡ ಮಕ್ಕಳು ಪಠ್ಯದಲ್ಲಿ ಇದನ್ನು ಕಂಡು ಕಕ್ಕಾಬಿಕ್ಕಿಯಾಗುವುದು ಬೇಡ.

ಇನ್ನು ಕನ್ನಡದಲ್ಲಿ ಹೇಗೆ ಹೇಳಬೇಕು? ನಮಗೆ ಹಲ್ಲಿನ ಮಾತುಗಳಿಗೆ ಬರವಿಲ್ಲ, ಆದರೆ ಒಂದೊಂದಕ್ಕೂ ಬೇರೆ ಜಾಯಮಾನ. ಹಲ್ಲು ಕಚ್ಚುವುದು ನೋವು ತಡೆಯಲು, ಹಲ್ಲು ಕಡಿಯುವುದು ಸಿಟ್ಟಿಗೆ, ಹಲ್ಲು ಮಸೆಯುವುದು ಸೇಡಿಗೆ, ಹಲ್ಲು ಗಿಂಜುವುದು ಯಾಚನೆಗೆ. ಬುಲೆಟ್ಟಿಗೆ ಸಲ್ಲುವುದು ಮೊದಲನೆಯದು ಮಾತ್ರ. ಮಹಾರಾಷ್ಟ್ರದಲ್ಲಿ ಬೆಳೆದ ಮಕ್ಕಳಿಗೆ ಇಲ್ಲೊಂದು ಗುಂಡಿಯಿದೆ. ಮರಾಠಿಯ ‘ದಾತ್ ಓಠ್ ಖಾಣೆ’ ಕೇಳಲು ಹಲ್ಲು ಕಚ್ಚಿದ ಹಾಗಿದ್ದರೂ ಅರ್ಥ ಸಿಟ್ಟು. ಅದನ್ನು ನೆನೆದು ಇಂಗ್ಲಿಷಿಗೆ ಹೋದವರು ‘ಹಿ ಬಿಟ್ ದ ಬುಲೆಟ್ ವಿತ್ ಹಿಸ್ ಬಾಸ್’ ಎಂದು ಜಗಳದ ಅರ್ಥದಲ್ಲಿ ಬರೆದುಬಿಡುತ್ತಾರೆ. ಮರಾಠಿಯಲ್ಲಿ ನಿಜವಾಗಿ ಹತ್ತಿರ ಬರುವುದು ‘ಕಾಳಜಾವರ್ ದಗಡ್ ಠೇವೂನ್’, ನಮ್ಮ ‘ಮನಸ್ಸು ಕಲ್ಲು ಮಾಡಿಕೊಂಡು’. ಅದರಲ್ಲೂ ಒಂದು ಎಚ್ಚರ ಬೇಕು. ಈ ಎರಡರಲ್ಲೂ ಪ್ರೀತಿಯ ಜೀವವನ್ನೋ ವಸ್ತುವನ್ನೋ ಅಗಲುವ ದುಃಖದ ಛಾಯೆ ದಟ್ಟವಾಗಿದೆ. ಮಗಳನ್ನು ಹಾಸ್ಟೆಲಿಗೆ ಬಿಟ್ಟು ಬರುವಾಗ ಒಪ್ಪುತ್ತದೆ, ಮೆಂಟೆನೆನ್ಸ್ ಏರಿಸುವಾಗ ನಗೆಪಾಟಲಾಗುತ್ತದೆ.

ಗಾದೆಗಳ ಮೊರೆ ಹೋಗುವವರು ‘ಒರಳಲ್ಲಿ ತಲೆಯಿಟ್ಟ ಮೇಲೆ ಒನಕೆ ಪೆಟ್ಟಿಗೆ ಅಂಜಿದರಾದೀತೆ’ ಎನ್ನುತ್ತಾರೆ. ಮರಾಠಿ, ಹಿಂದಿಗಳಲ್ಲೂ ಈ ಗಾದೆ ಇದೆ, ಹಾಗಾಗಿ ಇಲ್ಲಿನವರಿಗೆ ಬೇಗ ನೆನಪಾಗುತ್ತದೆ. ಇದೂ ‘ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು’ ಎಂಬುದೂ ಕೆಲಸ ಶುರುವಾದ ಮೇಲಿನ ಮಾತು. ಬುಲೆಟ್ಟಿನದು ತಲೆಯನ್ನು ಒರಳಿಗೆ ಇಡುವ ಕ್ಷಣ. ಅದಕ್ಕೆ ಹಿಂದಿನ ಸ್ಥಿತಿಗೆ ನಮ್ಮಲ್ಲಿ ಸೊಗಸಾದ ಮಾತಿದೆ: ನುಂಗಲೂ ಆಗದ, ಉಗುಳಲೂ ಆಗದ ಬಿಸಿತುಪ್ಪ. ಬಿಸಿತುಪ್ಪವನ್ನು ಬಾಯಲ್ಲಿಟ್ಟುಕೊಂಡು ಒದ್ದಾಡುತ್ತಿದ್ದವನು ‘ಸುಟ್ಟರೆ ಸುಡಲಿ’ ಎಂದು ನುಂಗಿಯೇಬಿಟ್ಟರೆ ಅದು ‘ಬೈಟ್ ದ ಬುಲೆಟ್’. ‘ಕಹಿ ಗುಳಿಗೆ ನುಂಗುವುದು’ ಎಂದೂ ಬರೆಯುತ್ತಾರೆ. ಅದು ಇನ್ನೊಂದು ಇಂಗ್ಲಿಷ್ ನುಡಿಗಟ್ಟಿನ ನೆರಳು, ಮೇಲಾಗಿ ಗುಳಿಗೆಯನ್ನು ಸಾಮಾನ್ಯವಾಗಿ ಬೇರೆಯವರು ನುಂಗಿಸುತ್ತಾರೆ.

ತೊಡೆ ತಟ್ಟುವುದು, ಟೊಂಕ ಕಟ್ಟುವುದು, ಅಖಾಡಕ್ಕಿಳಿಯುವುದು ಇವೆಲ್ಲ ಗೂಳಿಯ ಕೊಂಬಿನ ಪಾಲಿಗಿರಲಿ. ಕೊಂಬು ಹಿಡಿಯುವ ಮಾತನ್ನು ಕನ್ನಡದಲ್ಲಿ ನೇರವಾಗಿ ಹೇಳಿದರೂ ಕೆಡುವುದಿಲ್ಲ. ಹಾವೇರಿ, ಶಿವಮೊಗ್ಗ ಕಡೆಯ ಹೋರಿ ಬೆದರಿಸುವ ಹಬ್ಬ ಕಂಡವರಿಗೂ, 1996ರಲ್ಲಿ ಹೈಕೋರ್ಟ್ ನಿಷೇಧಿಸುವ ತನಕ ಗೋವಾದ ಹಳ್ಳಿಗಳಲ್ಲಿ ರಾಜಾರೋಷವಾಗಿ ನಡೆಯುತ್ತಿದ್ದ ಧಿರಿಯೊ ಗೂಳಿಕಾಳಗ ಬಲ್ಲವರಿಗೂ ಚಿತ್ರ ಕಣ್ಣಿಗೆ ಕಟ್ಟುತ್ತದೆ. ವಾಣಿಜ್ಯ ಪುಟದಲ್ಲಿ ಮಾತ್ರ ಬೇಡ. ಅಲ್ಲಿ ಗೂಳಿ ಎಂದರೆ ದಲಾಲ್ ಸ್ಟ್ರೀಟಿನದು, ಅದರ ಕೊಂಬು ಹಿಡಿದರೆ ಶೇರುಪೇಟೆಯನ್ನು ತಡೆದರು ಎಂದಾಗುತ್ತದೆ.

ಅನುವಾದದ ಮೇಜಿನಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದು ಗಾದೆಗಿಂತ ನಮ್ಮ ಸಹಾಯಕ ಕ್ರಿಯಾಪದಗಳು. ಕನ್ನಡದ ‘ಕೊಳ್ಳು’ ತಡೆದುಕೊಳ್ಳುವ ಭಾವ ಕೊಡುತ್ತದೆ: ಹಲ್ಲು ಕಚ್ಚಿಕೊಂಡು, ನುಂಗಿಕೊಂಡು, ಮನಸ್ಸು ಗಟ್ಟಿ ಮಾಡಿಕೊಂಡು. ‘ಬಿಡು’ ಮುಂದೂಡಿಕೆಗೆ ಮುಕ್ತಾಯ ಹಾಡುತ್ತದೆ: ಹೇಳಿಬಿಡು, ಕಟ್ಟಿಬಿಡು, ಕೀಳಿಸಿಬಿಡು. ಇಂಗ್ಲಿಷ್ ನುಡಿಗಟ್ಟಿನ ನೋವು ಮೊದಲನೆಯದರಲ್ಲಿ, ನಿರ್ಧಾರ ಎರಡನೆಯದರಲ್ಲಿ ಕೂತಿದೆ. ‘ಕೊನೆಗೂ’ ಎಂಬುದನ್ನು ಮುಂದೆ ಸೇರಿಸಿದರೆ ಕಾಲವೂ ಬಂತು. ‘ಸೊಸೈಟಿಯವರು ಕೊನೆಗೂ ಗಟ್ಟಿ ಮನಸ್ಸು ಮಾಡಿ ಕೋಬಾ ಒಡೆಸಿಯೇಬಿಟ್ಟರು’ ಎಂಬ ವಾಕ್ಯದಲ್ಲಿ ಗುಂಡಿನ ಸುಳಿವೇ ಇಲ್ಲ, ಆದರೆ ಏನೂ ಕಳೆದಿಲ್ಲ. ‘ವಿಧಿಯಿಲ್ಲದೆ ಒಡೆಸಿದರು’ ಎಂದರೆ ಕಳೆಯುತ್ತದೆ. ಅನಿವಾರ್ಯತೆ ಉಳಿದು ಅವರ ಇಚ್ಛೆ ಹೋಗುತ್ತದೆ. ‘ಧೈರ್ಯವಾಗಿ ಒಡೆಸಿದರು’ ಎಂದರೆ ಯಾರದೋ ವಿರೋಧವಿತ್ತು ಎಂದಾಗುತ್ತದೆ. ಪೂರ್ವಸಿದ್ಧ ಸಮಾನಪದ ಹುಡುಕುವ ಮೊದಲು ಇಂಗ್ಲಿಷ್ ವಾಕ್ಯದಿಂದ ನುಡಿಗಟ್ಟನ್ನು ಕಿತ್ತುಹಾಕಿ, ಯಾರು, ಯಾವ ನೋವಿನ ಕೆಲಸವನ್ನು, ಎಷ್ಟು ದಿನ ತಳ್ಳಿ, ಈಗ ಮಾಡಿದರು ಎಂದು ಪಕ್ಕದಲ್ಲಿ ಗೀಚಿಕೊಳ್ಳುವುದು ಮೇಲು. ಗೀಚಿದ್ದೇ ಎಷ್ಟೋ ಸಲ ಅನುವಾದವಾಗಿರುತ್ತದೆ.

ಎಲ್ಲಿ ಬಳಸಬಾರದು ಎಂಬುದನ್ನೂ ಅಂಕಣದಲ್ಲಿ ಹೇಳಬೇಕಿತ್ತು. ಸಾವಿನ ಮನೆಯವರಿಗೆ, ಕಾಯಿಲೆ ಬಿದ್ದವರಿಗೆ ‘ಬೈಟ್ ದ ಬುಲೆಟ್’ ಎನ್ನುವುದು ಒರಟುತನ. ಅವರು ಆ ನೋವನ್ನು ಆರಿಸಿಕೊಂಡದ್ದಲ್ಲ. ಕೈಕೆಳಗಿನವರಿಗೆ ಬರೆದರೆ ‘ಸುಮ್ಮನೆ ಅನುಭವಿಸು’ ಎಂದಂತೆ ಕೇಳುತ್ತದೆ, ಅದೇ ಮಾತು ‘ನಾವು’ ಸೇರಿಸಿ ಬರೆದಾಗ ಒಗ್ಗುತ್ತದೆ. ಸರ್ಕಾರಿ ಅರ್ಜಿ, ವಕೀಲರ ನೋಟಿಸು, ಸಭೆಯ ನಡಾವಳಿಗಳಲ್ಲಿ ಬೇಡ. ಬೆಳಗ್ಗೆ 8.22ರ ಫಾಸ್ಟ್ ಲೋಕಲ್ ತಪ್ಪಿ ಸ್ಲೋ ಹತ್ತಿದ್ದಕ್ಕೂ ಬೇಡ. ತಮಾಷೆಗೆ ಎಂದಾದರೆ ಮಾತು ಬೇರೆ.

ಪರೀಕ್ಷೆಯ ಮಕ್ಕಳಿಗೆ: ಆಯ್ಕೆಗಳಲ್ಲಿ ‘ಅಹಿತಕರವಾದ, ತಪ್ಪಿಸಲಾಗದ ಸಂಗತಿಯನ್ನು ಒಪ್ಪಿಕೊಳ್ಳುವುದು’ ಎಂಬರ್ಥದ ವಾಕ್ಯವೂ ‘ಶತ್ರುವನ್ನು ಧೈರ್ಯವಾಗಿ ಎದುರಿಸುವುದು’ ಎಂಬುದೂ ಎರಡೂ ಇದ್ದರೆ ಮೊದಲನೆಯದಕ್ಕೆ ಗುರುತು ಹಾಕಿ. ‘ತಪ್ಪಿಗೆ ಶಿಕ್ಷೆ ಅನುಭವಿಸುವುದು’ ಎಂದಿದ್ದರೆ ಅದು ಮ್ಯೂಸಿಕ್ಕಿನದು.

ತಲೆಬರಹ ಬರೆಯುವವರ ಜಾಗದ ಕಷ್ಟ ಅರ್ಥವಾಗುತ್ತದೆ. ‘ಮನಸ್ಸು ಗಟ್ಟಿ ಮಾಡಿಕೊಂಡು’ ಎಂಬುದು ಎರಡು ಕಾಲಮ್ಮಿನಲ್ಲಿ ಹಿಡಿಯುವುದಿಲ್ಲ. ಆ ದಿನದ ಸುದ್ದಿ ಸಬ್ಸಿಡಿ ಕಡಿತದ್ದು, ಸರ್ಕಾರ ಅದನ್ನು ತಿಂಗಳುಗಳಿಂದ ತಳ್ಳುತ್ತ ಬಂದಿತ್ತು ಎಂದು ಅದೇ ವರದಿಯ ಮೂರನೆಯ ಪ್ಯಾರಾದಲ್ಲಿದೆ. ‘ಕೊನೆಗೂ ಸಬ್ಸಿಡಿಗೆ ಕತ್ತರಿ’ ಎಂದಿದ್ದರೆ ಮೂರೇ ಪದದಲ್ಲಿ ಮುಗಿಯುತ್ತಿತ್ತು, ಒಂದು ಕಾಲಮ್ಮಿನಲ್ಲೂ ಕೂರುತ್ತಿತ್ತು. ಅಂಕಣದ ಅರ್ಥವನ್ನು ಮುಂದಿನ ವಾರ ತಿದ್ದಿ ಹಾಕಿದರೆ, ಈಗಾಗಲೇ ಕತ್ತರಿಸಿ ಇಟ್ಟುಕೊಂಡವರು ಅದರ ಮೇಲೇ ಅಂಟಿಸಿಕೊಳ್ಳುವಂತೆ ಅದೇ ಅಳತೆಯ ಚೌಕಟ್ಟಿನಲ್ಲಿ ಹಾಕಬೇಕೆಂದು ವಿನಂತಿ.

ಇತಿ ತಮ್ಮ ಓದುಗ,
ಮಾಟುಂಗಾ, ಮುಂಬಯಿ